ಬೆಂಗಳೂರಿನಿಂದ ಸ್ಕಾಪಾ ಫ್ಲೋಗೆ: ತಣ್ಣೀರಿಗೆ ರಿಬ್ರೀದರ್ ರೆಡಿ ಮಾಡೋದು ಹೇಗೆ?

ಚೇತನ್_ಎಚ್‌ಎಸ್‌ಆರ್

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಗೆ ಸ್ಕಾಟ್ಲೆಂಡಿನ ಆರ್ಕ್ನಿಗೆ ಹೊರಟಿದ್ದೀನಿ, ಸ್ಕಾಪಾ ಫ್ಲೋನಲ್ಲಿ ಡೈವಿಂಗ್ ಮಾಡೋಕೆ. 1919ರ ಜೂನ್ 21ರಂದು ಜರ್ಮನ್ನರು ತಮ್ಮ ನೌಕಾಪಡೆಯನ್ನ ತಾವೇ ಮುಳುಗಿಸಿದ ಜಾಗ. ಕೋನಿಗ್, ಮಾರ್ಕ್‌ಗ್ರಾಫ್, ಕ್ರೋನ್‌ಪ್ರಿನ್ಸ್ ವಿಲ್ಹೆಲ್ಮ್, ಈ ಮೂರು ದೊಡ್ಡ ಯುದ್ಧನೌಕೆ ಇನ್ನೂ ತಳದಲ್ಲೇ ಇವೆ. ಕೆಲವು ಕಡೆ 40 ಮೀಟರ್ ದಾಟುತ್ತೆ. ನೀರು ಆಗ 7–8 ಡಿಗ್ರಿ ಅಂತಾರೆ.

ನನ್ನ ಸಿಸಿಆರ್ (ರಿಬ್ರೀದರ್, ಅಂದ್ರೆ ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಮತ್ತೆ ಉಸಿರಾಡೋಕೆ ಕೊಡೋ ಡೈವಿಂಗ್ ಯಂತ್ರ) ಕೋರ್ಸ್ ಆಗಿದ್ದು ಥಾಯ್ಲೆಂಡಿನ ಕೊ ಟಾವೊದಲ್ಲಿ, 29 ಡಿಗ್ರಿ ನೀರಲ್ಲಿ. ವಾಪಸ್ ಬಂದ ಮೇಲೆ ಇಲ್ಲಿನ ಈಜುಕೊಳ, ಆಮೇಲೆ ನೇತ್ರಾಣಿ, ಅಷ್ಟೇ. ಡ್ರೈಸೂಟ್ (ಒಳಗೆ ನೀರು ಬಾರದ ಡೈವಿಂಗ್ ಸೂಟ್) ಕೋರ್ಸ್ ಇಂಗ್ಲೆಂಡಿನ ಒಂದು ಕ್ವಾರಿಯಲ್ಲಿ ಮಾಡಿದ್ದೀನಿ, ಆದರೆ ಬಿಟ್ಟ ಉಸಿರು ನೀರಿಗೇ ಹೋಗೋ ಮಾಮೂಲಿ ಓಪನ್ ಸರ್ಕ್ಯೂಟ್ ಸಿಲಿಂಡರ್ ಜೊತೆ. ರಿಬ್ರೀದರೂ ತಣ್ಣೀರೂ ಒಟ್ಟಿಗೆ ಇದೇ ಮೊದಲು.

ಯೂನಿಟ್ ಮಳೆಗಾಲದಿಂದ ಬ್ಯಾಗಲ್ಲೇ ಮಂಚದ ಕೆಳಗಿತ್ತು. ನಿನ್ನೆ ತೆಗೆದೆ. ಉಸಿರಿನ ಆಕ್ಸಿಜನ್ ಅಳೆಯೋ ಮೂರು ಆಕ್ಸಿಜನ್ ಸೆಲ್ಲೂ ಕಳೆದ ಜುಲೈನಲ್ಲಿ ಒಂದೇ ಸಲ ಹಾಕಿದ್ದು. ಕೊ ಟಾವೊದಲ್ಲಿ ಬರೀ ಗಾಳಿಯಲ್ಲಿ 10.8, 11.2, 10.5 ಮಿಲಿವೋಲ್ಟ್ ತೋರಿಸ್ತಿದ್ದವು. ಈಗ ಮನೇಲಿ 9.8, 10.1, 8.3. ಮೂರೂ ಇಳಿದಿವೆ. ಮೂರೂ ಸಾಯ್ತಾ ಇವೆಯಾ? ಹೊಸದು ತರಿಸೋದು ಅಂದ್ರೆ ಕಸ್ಟಮ್ಸ್ ಸೇರಿ ಒಳ್ಳೇ ದುಡ್ಡು.

ಮಶ್ರೂಮ್ ವಾಲ್ವ್ (ಉಸಿರು ಒಂದೇ ದಿಕ್ಕಿಗೆ ಹೋಗೋ ಹಾಗೆ ಮಾಡೋ ರಬ್ಬರ್ ಎಲೆ) ಮೇಲೆ ಬಿಳೀ ಪುಡಿ ಕೂತಿದೆ. ಒಂದು ಕೌಂಟರ್‌ಲಂಗ್ (ಉಸಿರು ತುಂಬೋ ಚೀಲ) ಒಳಗೆ ಮುಗ್ಗಲು ವಾಸನೆ. ಡ್ರೈಸೂಟಿನ ಕೈ ಸೀಲ್ ಮುಟ್ಟಿದ್ರೆ ಸ್ವಲ್ಪ ಅಂಟಂಟು. ಕಾರ್ಬನ್ ಡೈಆಕ್ಸೈಡ್ ಹೀರೋ ಸೋಡಾ ಲೈಮ್ ಕಾಳು ಇಲ್ಲಿ ಆಸ್ಪತ್ರೆಗಳಿಗೆ ಸಪ್ಲೈ ಮಾಡೋ ಅಂಗಡಿಯಲ್ಲಿ ಅರ್ಧ ರೇಟಿಗೆ ಸಿಗುತ್ತೆ, ಅದನ್ನ ಹಾಕಿ ಪೂಲ್‌ನಲ್ಲಿ ಪ್ರಾಕ್ಟೀಸ್ ಮಾಡಬಹುದಾ? ಕೊನೇದು: ಥಾಯ್ಲೆಂಡಲ್ಲಿ ಜೊತೆಯವರೆಲ್ಲ ಒಂದು ಸಲ ತುಂಬಿದ ಸ್ಕ್ರಬರನ್ನ (ಆ ಸುಣ್ಣ ತುಂಬೋ ಡಬ್ಬಿ) ನಾಲ್ಕು ಗಂಟೆ ಆರಾಮಾಗಿ ಓಡಿಸ್ತಿದ್ರು. ತಣ್ಣೀರಲ್ಲಿ ಎಷ್ಟು ಕಳೀಬೇಕು?

ರೀಫ್_ರವಿ

ಜಾಸ್ತಿ ತಲೆ ಕೆಡಿಸ್ಕೋಬೇಡಿ ಬ್ರದರ್. ಮೂರು ಸೆಲ್ಲೂ ಹೊಸದು ಹಾಕಿ, ರಬ್ಬರ್‌ಗೆಲ್ಲ ಸಿಲಿಕೋನ್ ಸ್ಪ್ರೇ ಹೊಡೀರಿ, ಕೌಂಟರ್‌ಲಂಗ್‌ಗೆ ಡೆಟಾಲ್ ನೀರು. ಸ್ಕ್ರಬರ್‌ಗೆ ಮೂರು ಗಂಟೆ ಲೆಕ್ಕ ಇಟ್ಕೊಳಿ, ಸಾಕು. ಒಳಗೆ ಥರ್ಮಲ್ ಚೆನ್ನಾಗಿರೋದು ತಗೊಳಿ, ಚಳಿ ಅಂದ್ರೆ ಮೈಗೆ ಆಗೋದು, ಮಷೀನ್‌ಗಲ್ಲ.

ಬಾಯ್ಲ್ಸ್_ಮೂರ್ತಿ

ಚೇತನ್ ಅವರೇ, ಆ ಸ್ಪ್ರೇ ಡಬ್ಬಿ ಕೈಗೆತ್ತಿಕೊಳ್ಳೋ ಮುಂಚೆ ಇದನ್ನ ಓದಿ.

ನಾನು ಬಸವೇಶ್ವರನಗರದವನು. ಆಸ್ಪತ್ರೆಯಲ್ಲಿ ಅರಿವಳಿಕೆ ಯಂತ್ರ, ವೆಂಟಿಲೇಟರ್ ರಿಪೇರಿ ಮಾಡಿಕೊಂಡೇ ರಿಟೈರ್ ಆದವನು. ಬಾಯ್ಲ್ಸ್ ಮಷೀನ್ ಅಂದ್ರೆ ಹಳೇ ಡಾಕ್ಟರುಗಳಿಗೆ ಗೊತ್ತಿರುತ್ತೆ. ಅದರ ಸರ್ಕಲ್ ಅಬ್ಸಾರ್ಬರೂ ನಿಮ್ಮ ರಿಬ್ರೀದರೂ ಒಂದೇ ವಂಶ: ಎರಡು ಕೊಳವೆ, ಎರಡು ಒನ್‌ವೇ ವಾಲ್ವು, ಒಂದು ಸುಣ್ಣದ ಡಬ್ಬಿ, ಒಂದು ಚೀಲ. ಡೈವಿಂಗ್ ಹುಚ್ಚು ತಡವಾಗಿ ಹತ್ತಿತು, ಮಷೀನ್ ಹುಚ್ಚು ಮೊದಲಿಂದ ಇತ್ತು. ಮಾಲ್ಟಾದಲ್ಲಿ ಕಲಿತೆ, ತಣ್ಣೀರು ನೋಡಿದ್ದು ಸ್ಕಾಪಾದಲ್ಲೇ.

ತಣ್ಣೀರಿನ ಚಿಂತೆ ಆಮೇಲೆ. ನಿಮ್ಮ ಯೂನಿಟ್‌ಗೆ ಸದ್ಯ ಹತ್ತಿರೋ ಕಾಯಿಲೆ ಬೆಂಗಳೂರಿಂದು. ಇಲ್ಲಿನ ಎತ್ತರ, ಇಲ್ಲಿನ ಬೋರ್‌ವೆಲ್ ನೀರು, ಇಲ್ಲಿನ ಮಳೆಗಾಲದ ತೇವ. ಇಲ್ಲಿ ಕೆಡೋದನ್ನ ಇಲ್ಲೇ ಸರಿ ಮಾಡಿ. ಗ್ಯಾಸಿಗೆ ಸಂಬಂಧಪಟ್ಟ ಲೆಕ್ಕ ಮಾತ್ರ ಅಲ್ಲಿ ಸಮುದ್ರ ಮಟ್ಟಕ್ಕೆ ಇಳಿದ ಮೇಲೆ ಮಾಡಿ.

ಸೆಲ್ ವಿಷಯ. ಅದು ಅಳೆಯೋದು ಆಕ್ಸಿಜನ್ನಿನ ಶೇಕಡಾವಾರನ್ನಲ್ಲ, ಒತ್ತಡವನ್ನ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲೆ, ಇಲ್ಲಿನ ಗಾಳಿಯ ಒತ್ತಡ ಹೆಚ್ಚುಕಮ್ಮಿ 910 ಮಿಲಿಬಾರ್. ಕೊ ಟಾವೊದ 10.8ನ್ನ 0.91ರಿಂದ ಗುಣಿಸಿ: 9.8. ಎರಡನೇದು 11.2: 10.2 ಬರಬೇಕು, 10.1 ಇದೆ. ಇವೆರಡೂ ಸರಿಯಾಗೇ ಇವೆ, ಎತ್ತರಕ್ಕೆ ತಕ್ಕ ಹಾಗೆ ಓದ್ತಿವೆ. ಮೂರನೇದು 9.5–9.6 ತೋರಿಸಬೇಕಿತ್ತು. 8.3ಕ್ಕೆ ಇಳಿದಿದೆ ಅಂದ್ರೆ ಕಾಯಿಲೆ ಬಿದ್ದಿರೋದು ಅದೊಂದೇ. ಹಾಗಂತ ಈಗಲೇ ಎಸೀಬೇಡಿ. ಅದನ್ನ ಒಂದನೇ ಸೆಲ್ಲಿನ ಜಾಗಕ್ಕೆ ಹಾಕಿ ನೋಡಿ. 8.3 ಸೆಲ್ಲಿನ ಹಿಂದೆಯೇ ಬಂದ್ರೆ ಸೆಲ್ ಹೋಗಿದೆ. ಜಾಗದಲ್ಲೇ ಉಳಿದ್ರೆ ಕನೆಕ್ಟರ್ ಪಿನ್ ಹಸಿರುಗಟ್ಟಿದೆ, ಸೆಲ್ ಅಮಾಯಕ.

ಆಮೇಲೆ ಶುದ್ಧ ಆಕ್ಸಿಜನ್ ಕೊಟ್ಟು ನೋಡಿ. ಗಾಳಿಯಲ್ಲಿ ಬಂದಿದ್ದನ್ನ 4.76ರಿಂದ ಗುಣಿಸಿದ್ರೆ ಆಕ್ಸಿಜನ್ನಿನಲ್ಲಿ ಎಷ್ಟು ಬರಬೇಕು ಅಂತ ಗೊತ್ತಾಗುತ್ತೆ. 9.8ಕ್ಕೆ 46.6. ಈ ಗುಣಾಕಾರ ಎತ್ತರ ಬದಲಾದ್ರೂ ಅದೇ, ಎರಡನ್ನೂ ಒಂದೇ ಊರಲ್ಲಿ ಅಳೆದ್ರೆ ಸಾಕು.

ಈಗ ಬಹಳ ಜನ ಬಿಟ್ಟುಬಿಡೋ ವಿಷಯ. ನೀರಿನಡಿ ನಿಮ್ಮ ಸೆಟ್‌ಪಾಯಿಂಟ್, ಅಂದ್ರೆ ಯಂತ್ರ ಕಾಪಾಡೋ ಆಕ್ಸಿಜನ್ ಒತ್ತಡ, 1.3 ಬಾರ್. ಬೆಂಗಳೂರಿನಲ್ಲಿ ಟೇಬಲ್ ಮೇಲೆ ಎಷ್ಟೇ ಶುದ್ಧ ಆಕ್ಸಿಜನ್ ಕೊಟ್ಟರೂ ಸೆಲ್ 0.91ಕ್ಕಿಂತ ಮೇಲೆ ಏನನ್ನೂ ನೋಡೋದಿಲ್ಲ. ಮುದಿ ಸೆಲ್ಲಿನ ಗುಣ ಏನಂದ್ರೆ ಕೆಳಗಡೆ ನೆಟ್ಟಗೆ ಓದುತ್ತೆ, ಮೇಲಕ್ಕೆ ಹೋಗ್ತಾ ಸುಸ್ತಾಗಿ ನಿಂತುಬಿಡುತ್ತೆ. ಒಳಗಿನ ಸೀಸ ಖರ್ಚಾಗಿರುತ್ತೆ, ಅಷ್ಟು ಕರೆಂಟ್ ಹುಟ್ಟಿಸೋಕೆ ಆಗಲ್ಲ. ನಿಜಕ್ಕೂ 1.5 ಇದ್ದಾಗಲೂ 1.2 ಅಂತಲೇ ಹೇಳ್ತಿರುತ್ತೆ. ಕಂಟ್ರೋಲರ್ ಅದನ್ನ ನಂಬಿ, ಇನ್ನೂ ಸಾಲದು ಅಂತ ಸೋಲೆನಾಯ್ಡ್ (ಕರೆಂಟಿನಿಂದ ತೆರೆಯೋ ವಾಲ್ವ್) ತೆರೆದು ಆಕ್ಸಿಜನ್ ಸುರೀತಾನೇ ಇರುತ್ತೆ. ಕೊನೆಗೆ ನೀರೊಳಗೆ ಫಿಟ್ಸ್. ಮೂರರಲ್ಲಿ ಎರಡು ಸೆಲ್ ಒಟ್ಟಿಗೆ ಹೀಗಾದ್ರೆ ಸರಿ ಇರೋ ಮೂರನೇದನ್ನ ಬಹುಮತದ ಮೇಲೆ ಹೊರಗಿಡುತ್ತೆ ಯಂತ್ರ. ಒಂದೇ ದಿನ, ಒಂದೇ ಬ್ಯಾಚಿನ ಮೂರು ಸೆಲ್ ಹಾಕಬಾರದು ಅನ್ನೋದು ಅದಕ್ಕೇ. ಒಟ್ಟಿಗೆ ಹುಟ್ಟಿದವು ಒಟ್ಟಿಗೇ ಮುದಿಯಾಗ್ತವೆ.

ಹಾಗಾಗಿ ಒಂದು ಪ್ರೆಷರ್ ಪಾಟ್ ಸಂಪಾದಿಸಿ. ಸೆಲ್ಲನ್ನ ಒಳಗಿಟ್ಟು ಆಕ್ಸಿಜನ್ ತುಂಬಿ ಒತ್ತಡ ಏರಿಸೋ ಸಣ್ಣ ಡಬ್ಬಿ. ನಿಮ್ಮ ಒಂದನೇ ಸೆಲ್ 1 ಬಾರ್ ಆಕ್ಸಿಜನ್ನಿನಲ್ಲಿ 51 ಕೊಟ್ಟರೆ 1.6 ಬಾರ್‌ನಲ್ಲಿ 82ರ ಹತ್ತಿರ ಬರಬೇಕು. 70ಕ್ಕೇ ನಿಂತ್ರೆ ಅದರ ಆಯಸ್ಸು ಮುಗೀತು. ಪಾಟ್ ಸಿಗದಿದ್ರೆ ಮೊದಲ ಡೈವ್‌ನಲ್ಲಿ 6 ಮೀಟರಿನಲ್ಲಿ ನಿಂತು ಆಕ್ಸಿಜನ್ ಫ್ಲಶ್ ಮಾಡಿ (ಒಳಗಿನ ಗ್ಯಾಸೆಲ್ಲ ತಳ್ಳಿ ಬರೀ ಆಕ್ಸಿಜನ್ ತುಂಬಿ), 1.6ರ ಹತ್ತಿರ ಏರುತ್ತಾ ನೋಡಿ. ಅಲ್ಲಿವರೆಗೂ ಇಳೀಬೇಡಿ.

ಕ್ಯಾಲಿಬ್ರೇಶನ್ (ಸೆಲ್ಲಿನ ಮಿಲಿವೋಲ್ಟನ್ನ ಸರಿಯಾದ ಒತ್ತಡಕ್ಕೆ ಹೊಂದಿಸೋದು) ಇಲ್ಲಿ ಮಾಡಿಕೊಂಡು ವಿಮಾನ ಹತ್ತಬೇಡಿ. ಅಂಕಿ ತೋರಿಸೋ ನಿಮ್ಮ ಹ್ಯಾಂಡ್‌ಸೆಟ್ ಸುತ್ತಲಿನ ಒತ್ತಡವನ್ನ ತಾನೇ ಅಳೆದುಕೊಂಡ್ರೆ ಪರವಾಗಿಲ್ಲ. ಅದು 1 ಬಾರ್ ಅಂತ ಊಹಿಸೋ ಜಾತಿಯದಾದ್ರೆ, ಇಲ್ಲಿನ 0.91ನ್ನೇ 1.0 ಅಂತ ಕಲಿತುಬಿಡುತ್ತೆ. ಅಲ್ಲಿ ತೆರೆ ಮೇಲೆ 1.3 ಕಂಡಾಗ ನೀವು ಉಸಿರಾಡ್ತಿರೋದು 1.18. ಡಿಕಂಪ್ರೆಶನ್ (ಮೇಲೆ ಬರುವಾಗ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅನ್ನೋ) ಲೆಕ್ಕವೆಲ್ಲ ತಪ್ಪು. ಆರ್ಕ್ನಿಯ ಬಂದರು ಸ್ಟ್ರಾಮ್‌ನೆಸ್‌ನಲ್ಲಿ ಇಳಿದು, ಯೂನಿಟ್ಟು ಕೋಣೆಯ ಶಾಖಕ್ಕೆ ಹೊಂದಿಕೊಂಡ ಮೇಲೆ ಮಾಡಿ. ಸೆಲ್ಲಿನೊಳಗೆ ತಾಪಮಾನ ಸರಿದೂಗಿಸೋ ಥರ್ಮಿಸ್ಟರ್ ಇರುತ್ತೆ, ಅದಕ್ಕೂ ಸಮಯ ಬೇಕು.

ಸೋಡಾ ಲೈಮಿಗೆ ಬರೋಣ, ಇದು ನನ್ನ ಹಳೇ ಅನ್ನ. ಆಪರೇಷನ್ ಥಿಯೇಟರಿನ ಸುಣ್ಣದ ಕಾಳು ದಪ್ಪ, ಸಾಮಾನ್ಯವಾಗಿ 4–8 ಮೆಶ್, ಅಂದ್ರೆ ಎರಡೂವರೆಯಿಂದ ಐದು ಮಿಲಿಮೀಟರ್. ಡೈವಿಂಗ್‌ಗೆ ಬರೋ 797 ಗ್ರೇಡು ಒಂದರಿಂದ ಎರಡೂವರೆ ಮಿಲಿಮೀಟರ್. ಕಾಳು ಸಣ್ಣ ಇದ್ದಷ್ಟೂ ಗಾಳಿಗೆ ತಾಗೋ ಮೈ ಜಾಸ್ತಿ. ಥಿಯೇಟರಿನಲ್ಲಿ ಮಲಗಿರೋ ರೋಗಿ ನಿಮಿಷಕ್ಕೆ ಸುಮಾರು 200 ಮಿಲಿಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡ್ತಾನೆ. ಯುರೋಪಿನ ಇಎನ್ 14143 ಪರೀಕ್ಷೆಯಲ್ಲಿ ನಿಮ್ಮ ಸ್ಕ್ರಬರಿಗೆ ನುಗ್ಗಿಸೋದು ನಿಮಿಷಕ್ಕೆ 1.6 ಲೀಟರ್, ಅಂದ್ರೆ ಎಂಟು ಪಟ್ಟು. ರೋಗಿ ಇರೋದು ಕೋಣೆಯ ಶಾಖದಲ್ಲಿ, ತಲೆ ಹತ್ತಿರ ಡಾಕ್ಟರು, ಪ್ರತಿ ಉಸಿರನ್ನೂ ಅಳೆಯೋ ಕ್ಯಾಪ್ನೋಗ್ರಾಫ್. ನಿಮ್ಮ ಹತ್ತಿರ ಇವು ಯಾವುದೂ ಇಲ್ಲ. ಪೂಲ್‌ಗೂ ಬೇಡ. ಮ್ಯಾನ್ಯುಅಲ್‌ನಲ್ಲಿ ಯಾವ ಗ್ರೇಡ್ ಬರೆದಿದೆಯೋ ಅದೇ. ನೇರಳೆ ಬಣ್ಣಕ್ಕೆ ತಿರುಗೋ ಕಾಳು ನೋಡಿ ಆಯಸ್ಸು ಅಳೆಯೋದೂ ಬೇಡ. ಸ್ವಲ್ಪ ಹೊತ್ತು ಬಿಟ್ಟರೆ ಆ ಬಣ್ಣ ಮತ್ತೆ ಬೆಳ್ಳಗಾಗುತ್ತೆ, ಥಿಯೇಟರಿನಲ್ಲಿ ಇದನ್ನ ಎಷ್ಟೋ ಸಲ ನೋಡಿದ್ದೀನಿ.

ನಾಲ್ಕು ಗಂಟೆ ಓಡಿಸಿದವರ ಮಾತು. ಸುಣ್ಣ ಕಾರ್ಬನ್ ಡೈಆಕ್ಸೈಡ್ ಹೀರೋದು ರಾಸಾಯನಿಕ ಕ್ರಿಯೆ. ಅದರಿಂದ ಶಾಖ ಹುಟ್ಟುತ್ತೆ, ಆ ಶಾಖವೇ ಕ್ರಿಯೆಯನ್ನ ಮುಂದಕ್ಕೆ ನಡೆಸೋದು. 29 ಡಿಗ್ರಿ ನೀರಲ್ಲಿ ಶಾಖ ಡಬ್ಬಿಯೊಳಗೇ ಉಳಿಯುತ್ತೆ. 7 ಡಿಗ್ರಿಯಲ್ಲಿ ಡಬ್ಬಿಯ ಗೋಡೆಗೆ ತಾಗಿದ ಕಾಳು ತಣ್ಣಗಾಗಿ ಕೆಲಸವನ್ನೇ ಮಾಡಲ್ಲ. ಗ್ಯಾಸು ಆ ಅಂಚಿನಿಂದ ಹಾಗೇ ನುಸುಳಿ ಬರುತ್ತೆ, ಡಬ್ಬಿಯ ನಡುಭಾಗ ಇನ್ನೂ ಹೊಸದಾಗಿ ಇರುವಾಗಲೇ. ಮೇಲಿಂದ ಆಳಕ್ಕೆ ಹೋದಷ್ಟೂ ಗ್ಯಾಸು ದಪ್ಪ. ಚಳಿಗೆ ಮೈ ಕೂಡ ಜಾಸ್ತಿ ಉರಿಸುತ್ತೆ. ಹಾಗಾಗಿ ಥಾಯ್ಲೆಂಡಿನ ಅಂಕಿಯಿಂದ ಇಷ್ಟು ಕಳೀಬೇಕು ಅನ್ನೋ ಪ್ರಶ್ನೆಯೇ ತಪ್ಪು, ಆ ಅಂಕಿಯನ್ನ ಮರೆತುಬಿಡಿ. ಇಎನ್ 14143ರಲ್ಲಿ 4 ಡಿಗ್ರಿ ನೀರು, 40 ಮೀಟರ್ ಆಳ, ನಿಮಿಷಕ್ಕೆ 40 ಲೀಟರ್ ಉಸಿರು ಇಟ್ಟು, ಒಳಗೆಳೆಯೋ ಗ್ಯಾಸಿನಲ್ಲಿ ಕಾರ್ಬನ್ ಡೈಆಕ್ಸೈಡ್ 5 ಮಿಲಿಬಾರ್ ಮುಟ್ಟೋವರೆಗೆ ಓಡಿಸ್ತಾರೆ. ನಿಮ್ಮ ಯೂನಿಟ್ಟಿನ ಮ್ಯಾನ್ಯುಅಲ್‌ನಲ್ಲಿ ಆ ಪರೀಕ್ಷೆಯ ನಿಮಿಷ ಬರೆದಿರುತ್ತೆ. ಅದೇ ನಿಮ್ಮ ಗಡಿ. ರವಿಯವರ ಮೂರು ಗಂಟೆ ಯಾವ ಯೂನಿಟ್ಟಿನದೋ ನನಗೆ ಗೊತ್ತಿಲ್ಲ, ನಿಮ್ಮದಂತೂ ಅವರಿಗೆ ಗೊತ್ತಿಲ್ಲ.

ಅರ್ಧ ಬಳಸಿದ ಸುಣ್ಣವನ್ನ ಹೊರಗೆ ಸುರಿದು ಮತ್ತೆ ತುಂಬಬೇಡಿ, ಬಳಸಿದ ಕಾಳು ಹೊಸದು ಎಲ್ಲ ಕಲಸಿಹೋಗುತ್ತೆ. ತೆರೆದ ಕ್ಯಾನನ್ನ ಗಟ್ಟಿಯಾಗಿ ಮುಚ್ಚಿಡಿ. ಕಾಳಿನೊಳಗೆ ತೇವ ಇದ್ದರೇನೇ ಅದು ಕೆಲಸ ಮಾಡೋದು, ಮಾರ್ಚ್ ಬಿಸಿಲಿಗೆ ಒಣಗಿದ್ದು ಕಸಕ್ಕೆ ಸಮ.

ಬಿಳೀ ಪುಡಿ: ಯಾವ ಕಡೆಯ ವಾಲ್ವ್ ಮೇಲೆ? ಎರಡೂ ಕಡೆ ಒಂದೇ ಥರ ಇದ್ರೆ ಬೋರ್‌ವೆಲ್ ನೀರಿನ ಉಪ್ಪು. ಎಚ್‌ಎಸ್‌ಆರ್ ಕಡೆ ಟ್ಯಾಂಕರ್ ನೀರಾದ್ರೆ ಕೇಳೋದೇ ಬೇಡ, ಗೀಸರಿನ ಕಾಯಿಲ್‌ಗೆ ಆಗೋದೇ ಇಲ್ಲೂ ಆಗುತ್ತೆ. ಒಳಗೆಳೆಯೋ ಕಡೆ ಮಾತ್ರ ಇದ್ರೆ ಬೇರೆ ವಿಷಯ, ತಿಳಿಸಿ. ಏನೇ ಇರಲಿ, ವಾಲ್ವ್ ಬದಲಾಯಿಸಿ. ಇಡೀ ಯೂನಿಟ್ಟಿನಲ್ಲಿ ಅಗ್ಗದ ಭಾಗ ಅದು. ಆ ಎಲೆ ಸರಿಯಾಗಿ ಕೂರದಿದ್ರೆ ನೀವು ಬಿಟ್ಟ ಉಸಿರು ಸ್ಕ್ರಬರ್ ತಲುಪದೇ ವಾಪಸ್ ಬಾಯಿಗೇ ಬರುತ್ತೆ, ಸುಣ್ಣ ಎಷ್ಟು ಹೊಸದಾದ್ರೂ ಉಪಯೋಗ ಇಲ್ಲ. ಮುಂದೆ ತೊಳೆದ ಮೇಲೆ ಕೊನೇ ಸಲ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ತೆಗೀರಿ, ಬ್ಯಾಟರಿ ಅಂಗಡಿಯಲ್ಲಿ ಕ್ಯಾನ್‌ಗಟ್ಟಲೆ ಸಿಗುತ್ತೆ.

ಮ್ಯಾನ್ಯುಅಲ್‌ನಲ್ಲಿಲ್ಲದ ನನ್ನದೊಂದು ಪದ್ಧತಿ ಇದೆ. ಮೌತ್‌ಪೀಸು, ಕೊಳವೆ, ವಾಲ್ವು ಜೋಡಿಸಿ, ಒಣಗಿಸಿ, ರಾತ್ರಿ ಫ್ರಿಜ್ಜಿನಲ್ಲಿಡಿ. ಫ್ರೀಜರಿನಲ್ಲಲ್ಲ. ಒಳಗೆ ಹೆಚ್ಚುಕಮ್ಮಿ ಆ 4 ಡಿಗ್ರಿಯೇ ಇರುತ್ತೆ. ಬೆಳಗ್ಗೆ ತೆಗೆದ ಕೂಡಲೇ ಒಂದು ಕೊಳವೆ ಅಂಗೈಯಿಂದ ಮುಚ್ಚಿ ಊದಿ, ಇನ್ನೊಂದು ಮುಚ್ಚಿ ಎಳೀರಿ. ಕೋಣೆಯ ಶಾಖದಲ್ಲಿ ಚೆನ್ನಾಗಿ ಕೂರೋ ಹಳೇ ರಬ್ಬರ್ ಚಳಿಯಲ್ಲಿ ಸೆಟೆದು ಅಂಚು ಎತ್ತಿಕೊಳ್ಳುತ್ತೆ, ಆಗ ಸಿಕ್ಕಿಬೀಳುತ್ತೆ. ಮನೆಯವರಿಗೆ ಮೊದಲೇ ಹೇಳಿ ಇಡಿ. ನಮ್ಮ ಮನೇಲಿ ಮೊಸರಿನ ಪಕ್ಕ ಮೌತ್‌ಪೀಸ್ ನೋಡಿ ಒಂದು ದಿನ ಮಾತೇ ಇರಲಿಲ್ಲ.

ಡೆಟಾಲ್ ಬೇಡ, ಆ ವಾಸನೆಯನ್ನ ಎರಡು ಗಂಟೆ ನೀವೇ ಕುಡೀಬೇಕು. ಕೋಳಿ ಫಾರಂನವರು ಬಳಸೋ ವಿರ್ಕಾನ್ ಎಸ್ ಬೆಂಗಳೂರಿನಲ್ಲಿ ಪಶು ಔಷಧಿ ಅಂಗಡಿಗಳಲ್ಲೇ ಸಿಗುತ್ತೆ. ನಿಮ್ಮ ತಯಾರಕರು ಒಪ್ಪಿದ್ರೆ ಲೀಟರಿಗೆ 10 ಗ್ರಾಂ, ಹತ್ತು ನಿಮಿಷ, ಆಮೇಲೆ ಚೆನ್ನಾಗಿ ತೊಳೆದು ನೆರಳಲ್ಲಿ ಫ್ಯಾನ್ ಕೆಳಗೆ ಒಣಗಿಸಿ. ಲೋಹದ ಭಾಗಗಳನ್ನ ಅದರಲ್ಲಿ ನೆನೆಹಾಕಬೇಡಿ.

ಸ್ಪ್ರೇ: ಆಕ್ಸಿಜನ್ ಹರಿಯೋ ಹೈ ಪ್ರೆಷರ್ ಭಾಗಕ್ಕೆ ಆಕ್ಸಿಜನ್‌ಗೆ ಅಂತಲೇ ಮಾಡಿದ ಕ್ರಿಸ್ಟೋ-ಲ್ಯೂಬ್ ಥರದ್ದು ಬಿಟ್ಟು ಯಾವ ಗ್ರೀಸೂ ಹೋಗಬಾರದು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಕೈಯಲ್ಲಿ ಆ ವಾಲ್ವ್ ಮುಟ್ಟಬೇಡಿ, ತಮಾಷೆಗೆ ಹೇಳ್ತಿಲ್ಲ, ಬೆಂಕಿ ಹತ್ತುತ್ತೆ. ಮಶ್ರೂಮ್ ವಾಲ್ವಿಗೆ ಗ್ರೀಸೇ ಬೇಡ. ಸಿಲಿಕೋನ್ ರಬ್ಬರಿಗೆ ಸಿಲಿಕೋನ್ ಗ್ರೀಸ್ ಹಚ್ಚಿದ್ರೆ ಅದು ಊದಿಕೊಳ್ಳುತ್ತೆ. ಓ-ರಿಂಗ್ ಎಲ್ಲ ಸೈಜೂ ಪೀಣ್ಯದಲ್ಲಿ ಸಿಗುತ್ತೆ, ಅದೇ ತೊಂದರೆ. ಸೈಜ್ ಕೂರುತ್ತೆ, ರಬ್ಬರ್ ಯಾವುದು ಅಂತ ಯಾರಿಗೂ ಗೊತ್ತಿರಲ್ಲ. ತಯಾರಕರ ಕಿಟ್ ತರಿಸಿ. ಆಕ್ಸಿಜನ್ ಫಸ್ಟ್ ಸ್ಟೇಜ್ (ಸಿಲಿಂಡರಿನ ಒತ್ತಡ ಇಳಿಸೋ ಭಾಗ) ನೀವು ಬಿಚ್ಚಲೇಬೇಡಿ.

ಅಂಟಂಟಾಗಿರೋ ಲೇಟೆಕ್ಸ್ ಸೀಲ್ ಸರಿಹೋಗಲ್ಲ, ಕರಗೋಕೆ ಶುರುವಾಗಿದೆ. ಹೊಸದು ಹಾಕಿಸಿ. ಮೈಗೆ ಹಾಕೋ ವಾಸನೆ ಪೌಡರ್ ಬೇಡ, ಬರೀ ಟಾಲ್ಕ್ ಸಾಕು.

ಸುಮಾ_ಬರ್ಗನ್

ಮಲ್ಲೇಶ್ವರದವಳು, ಈಗ ನಾರ್ವೆಯಲ್ಲಿ ಕೆಲಸ. ಇಲ್ಲಿ ಫ್ಯೋರ್ಡ್ ಮನೆ ಬಾಗಿಲಲ್ಲೇ, ಚಳಿಗಾಲದಲ್ಲೂ ಇಳೀತೀವಿ. ಮೂರ್ತಿ ಸರ್ ಟೇಬಲ್ ಮೇಲಿನ ಕೆಲಸ ಹೇಳಿಬಿಟ್ರು, ನಾನು ದಡದ ಮೇಲಿಂದು ಸೇರಿಸ್ತೀನಿ.

ನೀರಿನೊಳಗಿನ ಚಳಿಗಿಂತ ನೀರಿನಿಂದ ಹೊರಗಿನ ಚಳಿ ರಿಬ್ರೀದರ್‌ನ ಹಾಳು ಮಾಡೋದು. ನೀರು ಎಷ್ಟೇ ತಣ್ಣಗಿದ್ರೂ ಗಾಳಿಯಷ್ಟು ಕೆಳಗೆ ಇಳಿಯಲ್ಲ. ಗಾಳಿ ಮೈನಸ್‌ಗೆ ಇಳಿದ ದಿನ ಎರಡು ಡೈವ್ ನಡುವೆ ಯೂನಿಟ್ಟನ್ನ ಹೊರಗೆ ಬಿಟ್ಟರೆ ಒದ್ದೆ ಮಶ್ರೂಮ್ ವಾಲ್ವ್ ಸೀಟಿಗೆ ಅಂಟಿಕೊಂಡು ಹೆಪ್ಪುಗಟ್ಟುತ್ತೆ. ಸ್ಕ್ರಬರಿನ ಒದ್ದೆ ಸುಣ್ಣವೂ ಹೆಪ್ಪುಗಟ್ಟುತ್ತೆ, ಹಾಗಾದದ್ದನ್ನ ಎಸೀಬೇಕು. ಆರ್ಕ್ನಿಯಲ್ಲಿ ಏಪ್ರಿಲ್ ಕೊನೆಗೆ ಅಷ್ಟು ಕೆಟ್ಟದಾಗಿರಲ್ಲ, ಆದರೆ ಗಾಳಿ ಬಡಿಯೋ ಡೆಕ್ ಮೇಲೆ ಬಿಡಬೇಡಿ. ಬೋಟಿನೊಳಗೆ ತಂದಿಡಿ, ಲೂಪ್ (ಉಸಿರು ಸುತ್ತೋ ದಾರಿ) ಮುಚ್ಚಿರಲಿ. ಎರಡನೇ ಡೈವ್‌ಗೂ ವಾಲ್ವ್ ಪರೀಕ್ಷೆ ಮೊದಲಿಂದ ಮಾಡಿ.

ತುಂಬಿದ ಸ್ಕ್ರಬರನ್ನ ರಾತ್ರಿ ಕಾರಿನ ಡಿಕ್ಕಿಯಲ್ಲಿಡೋರು ಇದ್ದಾರೆ. ಬೆಳಗ್ಗೆ ತಣ್ಣಗಿರೋ ಸುಣ್ಣ ಬೇಗ ಕೆಲಸ ಶುರು ಮಾಡಲ್ಲ. ನಿಮ್ಮ ಜೊತೆ ಕೋಣೆಯಲ್ಲೇ ಇಟ್ಕೊಳಿ. ನೀರಿಗೆ ಹಾರೋ ಮುಂಚೆ ಐದು ನಿಮಿಷ ಪ್ರೀಬ್ರೀದ್ ಮಾಡಿ (ದಡದಲ್ಲೇ ಯೂನಿಟ್ಟಿನಿಂದ ಉಸಿರಾಡಿ), ಸುಣ್ಣ ಬೆಚ್ಚಗಾಗುತ್ತೆ, ಸೆಲ್ಲು ಸೋಲೆನಾಯ್ಡು ಕೆಲಸ ಮಾಡ್ತಿದೆಯಾ ಗೊತ್ತಾಗುತ್ತೆ. ಅದರಿಂದ ಸ್ಕ್ರಬರ್ ಸರಿ ಇದೆ ಅಂತ ಮಾತ್ರ ತೀರ್ಮಾನ ಮಾಡಬೇಡಿ. 2015ರಲ್ಲಿ ಇದರ ಮೇಲೇ ಒಂದು ಅಧ್ಯಯನ ಬಂತು, ಯಾವ ಸ್ಥಿತಿ ಅಂತ ಹೇಳದೇ ಜನರನ್ನ ಉಸಿರಾಡಿಸಿದ್ರು. ಸ್ಕ್ರಬರನ್ನೇ ತೆಗೆದಿದ್ದಾಗಲೂ ಕೆಲವರಿಗೆ ಏನೂ ಅನ್ನಿಸದೇ ಐದು ನಿಮಿಷ ಪೂರ್ತಿ ಆಗಿಹೋಯ್ತು.

ಸೆಲ್ ಮೇಲಿನ ನೀರು. ಬೆಚ್ಚಗಿನ ಉಸಿರು ಸೆಲ್ಲುಗಳಿರೋ ತಣ್ಣಗಿನ ಹೆಡ್‌ಗೆ ತಾಗಿದ ಕೂಡಲೇ ಹನಿಗಟ್ಟುತ್ತೆ. ಹನಿ ಸೆಲ್ಲಿನ ಮುಖದ ಮೇಲೆ ಕೂತರೆ ಅದು ನಿಧಾನ ಆಗುತ್ತೆ, ಹಳೇ ಅಂಕಿಯಲ್ಲೇ ನಿಲ್ಲುತ್ತೆ. ತಣ್ಣೀರಿನಲ್ಲಿ ಇದು ಬೆಚ್ಚಗಿನ ನೀರಿಗಿಂತ ಬಹಳ ಜಾಸ್ತಿ. ಅನುಮಾನ ಬಂದ್ರೆ ಡಿಲ್ಯುಯೆಂಟ್ (ಆಕ್ಸಿಜನ್ ಜೊತೆ ಬೆರೆಸೋ ಎರಡನೇ ಸಿಲಿಂಡರಿನ ಗ್ಯಾಸು) ಫ್ಲಶ್ ಮಾಡಿ ಲೆಕ್ಕ ಹಾಕಿ: ಗಾಳಿ ಡಿಲ್ಯುಯೆಂಟ್ ಆದ್ರೆ 30 ಮೀಟರಿನಲ್ಲಿ 0.84 ಬರಬೇಕು. ಯಾವ ಸೆಲ್ ಅಲ್ಲಿಗೆ ಚುರುಕಾಗಿ ಬರಲ್ಲವೋ ಅದನ್ನ ನಂಬಬೇಡಿ.

40 ಮೀಟರಿಗೆ ಗಾಳಿ ಡಿಲ್ಯುಯೆಂಟ್ ಇಟ್ಕೊಂಡು ಹೋಗ್ತೀರಾ? ಬೇಡ. ಅಲ್ಲಿ ಗ್ಯಾಸಿನ ಸಾಂದ್ರತೆ ಲೀಟರಿಗೆ ಸುಮಾರು 6.4 ಗ್ರಾಂ ಆಗುತ್ತೆ. ಈಗ ಎಲ್ಲರೂ ಪಾಲಿಸೋ ಸಲಹೆ 5.2ರೊಳಗೆ ಇರಿ, 6.2 ದಾಟಲೇಬೇಡಿ ಅಂತ. ದಪ್ಪ ಗ್ಯಾಸು ಎಳೆಯೋ ಕಷ್ಟಕ್ಕೇ ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಉಳೀತಾ ಹೋಗುತ್ತೆ, ಸ್ಕ್ರಬರ್ ಪಾಪ ಸರಿಯಾಗೇ ಇರುತ್ತೆ. ಟ್ರೈಮಿಕ್ಸ್ ಸರ್ಟಿಫಿಕೇಟ್ ಇದ್ರೆ ಹೀಲಿಯಂ ಸೇರಿಸಿ, ಇಲ್ಲದಿದ್ರೆ ಅಲ್ಲೇ ಮುಳುಗಿರೋ ಕ್ರೂಸರ್ ಹಡಗುಗಳನ್ನ ನೋಡಿ. ಕೋಲ್ನ್, ಡ್ರೆಸ್ಡೆನ್, ಕಾರ್ಲ್ಸ್‌ರೂಹ ಎಲ್ಲ ಕಡಿಮೆ ಆಳದಲ್ಲಿವೆ, ನೋಡೋಕೂ ಚಂದ. ಹೀಲಿಯಂ ಇರೋ ಗ್ಯಾಸನ್ನ ಡ್ರೈಸೂಟಿಗೆ ತುಂಬಬೇಡಿ, ಮೈಯ ಶಾಖವನ್ನೆಲ್ಲ ಎಳ್ಕೊಂಡುಬಿಡುತ್ತೆ. ಸೂಟಿಗೆ ಪ್ರತ್ಯೇಕ ಸಣ್ಣ ಸಿಲಿಂಡರ್ ಇರಲಿ.

ಬೇಲ್‌ಔಟ್ (ರಿಬ್ರೀದರ್ ಕೈಕೊಟ್ಟಾಗ ಬಾಯಿಗಿಡೋ ತುರ್ತು ಸಿಲಿಂಡರಿನ) ರೆಗ್ಯುಲೇಟರನ್ನ ಎಲ್ಲರೂ ಮರೀತಾರೆ. ಲೂಪಿನಲ್ಲಿ ಗ್ಯಾಸು ನಿಧಾನ ಹರಿಯುತ್ತೆ, ಅಲ್ಲಿ ಫಸ್ಟ್ ಸ್ಟೇಜ್ ಹೆಪ್ಪುಗಟ್ಟೋದು ಅಪರೂಪ. ಬೇಲ್‌ಔಟ್ ಮಾಡಿದಾಗ ಗಾಬರಿಯಲ್ಲಿ, ಆಳದಲ್ಲಿ, ಜೋರಾಗಿ ಎಳೀತೀರಿ. ಗ್ಯಾಸು ಹಿಗ್ಗುತ್ತಾ ತಣ್ಣಗಾಗಿ ಫ್ರೀ ಫ್ಲೋ ಆಗೋದು, ಅಂದ್ರೆ ನಿಲ್ಲದೇ ಸುರಿಯೋದು, ಆಗಲೇ. ಯುರೋಪಿನ ಇಎನ್ 250 ಪ್ರಕಾರ 10 ಡಿಗ್ರಿಗಿಂತ ಕೆಳಗಿನದ್ದೆಲ್ಲ ತಣ್ಣೀರು. ಅದಕ್ಕೆ ಪಾಸ್ ಆದ, ಸೀಲ್ ಮಾಡಿದ ಡಯಾಫ್ರಾಮ್ ಫಸ್ಟ್ ಸ್ಟೇಜೇ ಬೇಕು. ನೇತ್ರಾಣಿಗೆ ಒಯ್ಯೋದು ಇಲ್ಲಿಗೆ ಆಗಲ್ಲ.

ಆಲ್ಕಲೈನ್ ಬ್ಯಾಟರಿ ಚಳಿಯಲ್ಲಿ ಬೇಗ ಕುಸಿಯುತ್ತೆ, ಹ್ಯಾಂಡ್‌ಸೆಟ್‌ಗೆ ಲಿಥಿಯಂ ಹಾಕಿ. ಮತ್ತೆ ದಪ್ಪ ಗ್ಲೌಸ್ ಹಾಕ್ಕೊಂಡು ಎಲ್ಲ ಬಟನ್ನು, ವಾಲ್ವು, ಬೇಲ್‌ಔಟ್ ಮೌತ್‌ಪೀಸ್ ಅಭ್ಯಾಸ ಮಾಡಿ, ಮನೆಯ ಸೋಫಾ ಮೇಲೆ ಕೂತಾದ್ರೂ. ಬೆಂಗಳೂರು ಪೂಲಿನಲ್ಲಿ ಡ್ರೈಸೂಟ್ ಹಾಕಿ ಮಾಡೋಕೆ ಹೋಗಬೇಡಿ, ಬೆಂದುಹೋಗ್ತೀರಿ.

ಚೇತನ್_ಎಚ್‌ಎಸ್‌ಆರ್

ಮೂರ್ತಿ ಸರ್, ಸುಮಾ ಅವರೇ, ತುಂಬಾ ಥ್ಯಾಂಕ್ಸ್. ಸೆಲ್ ಜಾಗ ಬದಲಾಯಿಸಿ ನೋಡಿದೆ, 8.3 ಅದರ ಹಿಂದೆಯೇ ಬಂತು. ಹಾಗಾಗಿ ಅದೊಂದನ್ನ ಬದಲಾಯಿಸ್ತೀನಿ, ಸ್ಪೇರ್‌ಗೆ ಇನ್ನೊಂದು. ಹ್ಯಾಂಡ್‌ಸೆಟ್ ಒತ್ತಡ ತಾನೇ ಅಳೆಯುತ್ತೆ, 908 ತೋರಿಸ್ತಿದೆ.

ಬಿಳೀ ಪುಡಿ ಒಳಗೆಳೆಯೋ ಕಡೆ ವಾಲ್ವ್ ಮೇಲೆ ಮಾತ್ರ. ಆ ಕಡೆಯ ಕೊಳವೆಯ ಮಡಿಕೆಗಳಲ್ಲೂ ಇದೆ. ಅದೇನು?

ಸಿಲಿಂಡರ್ ಇಲ್ಲಿಂದಲೇ ತಗೊಂಡು ಹೋಗೋದಾ? ಏರ್‌ಪೋರ್ಟಲ್ಲಿ ಏನಾದ್ರೂ ತಕರಾರು ಮಾಡ್ತಾರಾ?

ರೀಫ್_ರವಿ

ಮೂರ್ತಿ ಸರ್, ಸಿಲಿಕೋನ್ ಸ್ಪ್ರೇ ನಾನು ಡ್ರೈಸೂಟ್ ಜಿಪ್‌ಗೆ ಹೊಡೀತೀನಿ, ಅದು ತಪ್ಪಾ?

ಬಾಯ್ಲ್ಸ್_ಮೂರ್ತಿ

ರವಿಯವರೇ, ಜಿಪ್ಪಿಗೆ ಸ್ಪ್ರೇ ಬೇಡ. ಅದು ಬಟ್ಟೆಗೆ ಹರಡಿದ್ರೆ ನಾಳೆ ಸೂಟಿಗೆ ತೇಪೆ ಹಾಕಬೇಕಾದಾಗ ಅಂಟು ಹಿಡಿಯಲ್ಲ. ಲೋಹದ ಜಿಪ್ಪಿಗೆ ಮೇಣ ಉಜ್ಜಿ, ಪ್ಲಾಸ್ಟಿಕ್ಕಿನದಕ್ಕೆ ಅದರ ಜೊತೆ ಕೊಡೋ ಗ್ರೀಸನ್ನ ಕೊನೆಯಲ್ಲಿ ಒಂದು ಚೂರು.

ಚೇತನ್ ಅವರೇ, ಒಳಗೆಳೆಯೋ ಕಡೆ ಮಾತ್ರ ಇದ್ರೆ ಅದು ನೀರಿನ ಉಪ್ಪಲ್ಲ, ಸುಣ್ಣದ ಧೂಳು. ಸ್ಕ್ರಬರ್ ದಾಟಿ ಬಂದಿದೆ. ಅಷ್ಟು ಕ್ಷಾರವನ್ನ ಎಳ್ಕೊಂಡಿದ್ದೀರಿ ಅಂತ ಅರ್ಥ, ಕೆಮ್ಮು ಬಂದಿತ್ತೇನೋ ನೆನಪು ಮಾಡಿಕೊಳ್ಳಿ. ಡಬ್ಬಿಯ ತುದಿಯ ಜಾಲರಿ, ಫಿಲ್ಟರ್ ಪ್ಯಾಡ್ ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಎಲ್ಲೋ ಹರಿದಿರುತ್ತೆ ಅಥವಾ ಪ್ಯಾಡ್ ಸರಿಯಾಗಿ ಕೂತಿರಲ್ಲ. ತುಂಬುವಾಗ ಕ್ಯಾನಿನ ತಳದಲ್ಲಿ ಉಳಿದ ಪುಡಿಯನ್ನ ಸುರಿದಿದ್ರೂ ಹೀಗಾಗುತ್ತೆ. ತುಂಬೋದು ಬಯಲಲ್ಲಿ, ಗಾಳಿ ಬೀಸೋ ಕಡೆಗೆ ಬೆನ್ನು ಹಾಕಿ, ಎತ್ತರದಿಂದ ನಿಧಾನಕ್ಕೆ ಸುರೀರಿ, ಧೂಳು ಅಲ್ಲೇ ಹಾರಿಹೋಗುತ್ತೆ. ಸುರೀತಾ ಸುತ್ತಲೂ ತಟ್ಟಿ, ಕಾಳು ಕೂತ ಮೇಲೆ ಮತ್ತೆ ತುಂಬಿ. ಸಡಿಲ ಬಿಟ್ಟರೆ ಯೂನಿಟ್ ಅಲುಗಾಡಿದಾಗ ಕಾಳಿನ ನಡುವೆ ದಾರಿ ಬಿದ್ದು ಗ್ಯಾಸು ಅಲ್ಲಿಂದಲೇ ಓಡುತ್ತೆ. ಕೊಳವೆ, ಕೌಂಟರ್‌ಲಂಗ್ ಎಲ್ಲ ಬಿಚ್ಚಿ ತೊಳೆದ ಮೇಲೆ ಪಾಸಿಟಿವ್, ನೆಗೆಟಿವ್ ಪರೀಕ್ಷೆ (ಒಳಗಿನ ಒತ್ತಡ ಏರಿಸಿ, ಇಳಿಸಿ ಸೋರಿಕೆ ನೋಡೋದು) ಎರಡೂ ಮಾಡಿ. ಈ ಸುಣ್ಣಕ್ಕೆ ನೀರು ಸೇರಿದ್ರೆ ಬಾಯಿಗೆ ಬರೋದು ಸುಡೋ ಕ್ಷಾರ.

ಸಿಲಿಂಡರ್ ಬೇಡ. ತಗೊಂಡು ಹೋಗಬೇಕಾದ್ರೆ ಖಾಲಿ ಮಾಡಿ ವಾಲ್ವ್ ಬಿಚ್ಚಬೇಕು, ಅದರ ಭಾರಕ್ಕೆ ದುಡ್ಡು ಕಟ್ಟಬೇಕು. ಸ್ಟ್ರಾಮ್‌ನೆಸ್‌ನಲ್ಲಿ ರಿಬ್ರೀದರ್ ಡೈವರುಗಳು ಬರೋದು ಮಾಮೂಲು, ಬಾಡಿಗೆಗೆ ಸಿಗುತ್ತೆ. ನಿಮ್ಮ ಯೂನಿಟ್ಟಿಗೆ ಹೊಂದೋ ಸೈಜು ಈಗಲೇ ಬರೆದು ಕೇಳಿ. ಇಲ್ಲಿ ಪೀಣ್ಯದಲ್ಲಿ ಯಾರಾದ್ರೂ ತುಂಬಿಕೊಡ್ತಾರೇನೋ ಅಂತ ವಿದೇಶಿ ಸಿಲಿಂಡರ್ ಹಿಡಿದು ಅಲೆಯೋದೂ ಬೇಡ, ಪೆಸೊ (ಗ್ಯಾಸ್ ಸಿಲಿಂಡರುಗಳ ಸುರಕ್ಷತೆ ನೋಡೋ ಕೇಂದ್ರ ಸರ್ಕಾರದ ಸಂಸ್ಥೆ) ಅನುಮತಿ ಇಲ್ಲದ ಸಿಲಿಂಡರನ್ನ ನಮ್ಮ ದೇಶದಲ್ಲಿ ತುಂಬೋ ಹಾಗಿಲ್ಲ.

ಸೋಡಾ ಲೈಮೂ ಅಲ್ಲೇ ಕೊಂಡುಕೊಳ್ಳಿ. ಶೇಕಡಾ 4ಕ್ಕಿಂತ ಜಾಸ್ತಿ ಸೋಡಿಯಂ ಹೈಡ್ರಾಕ್ಸೈಡ್ ಇದ್ರೆ ಮಾತ್ರ ಅದು ಅಪಾಯಕಾರಿ ಸರಕು, ಯುಎನ್ 1907. ಡೈವಿಂಗ್‌ನದ್ದು ಅದಕ್ಕಿಂತ ಕಡಿಮೆ. ಆದ್ರೆ ದೇವನಹಳ್ಳಿ ಕೌಂಟರಿನಲ್ಲಿ ಬಿಳೀ ಕಾಳಿನ ಕ್ಯಾನ್ ಇಟ್ಟು ಈ ಭಾಷಣ ಮಾಡೋಕೆ ನಿಮಗೆ ಪುರುಸೊತ್ತಿರಲ್ಲ. ಸ್ಕ್ರಬರ್ ಡಬ್ಬಿಯನ್ನ ಪುಡಿ ಇಲ್ಲದ ಹಾಗೆ ತೊಳೆದು ಒಣಗಿಸಿ ಹಾಕಿ. ಲಿಥಿಯಂ ಸ್ಪೇರ್ ಬ್ಯಾಟರಿ, ಸೆಲ್ಲು, ಹ್ಯಾಂಡ್‌ಸೆಟ್ ಕೈಚೀಲದಲ್ಲಿ. ಮ್ಯಾನ್ಯುಅಲ್ಲಿನ ಮೊದಲ ಪುಟ, ಯೂನಿಟ್ಟಿನ ಫೋಟೋ ಎರಡನ್ನೂ ಪ್ರಿಂಟ್ ತೆಗೆದು ಮೇಲೇ ಇಟ್ಟಿರಿ. ಮೊಬೈಲಿನಲ್ಲಿ ತೋರಿಸಿದ್ರೆ ನೋಡಲ್ಲ, ಕಾಗದ ಕೊಟ್ಟರೆ ಓದ್ತಾರೆ.